ತೊಳೆದಿಟ್ಟ ಬಾವಿ

ಪರೀಕ್ಷೆಯ ಗುಳಿಗೆ ಕರಗುತ್ತಿದ್ದಂತೆ ಗಾಜಿನ ನಳಿಕೆಯ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅಂದರೆ ನೀರಿನಲ್ಲಿ ಕ್ಲೋರಿನ್ ಇದೆ. ನಲ್ಲಿ ನೀರಿನಲ್ಲಿ ಅದು ಸಹಜ. ಆದರೆ ನಾನು ಹಿಡಿದದ್ದು ಬಾವಿಯ ನೀರು.

ಕಳೆದ ವರ್ಷ ನಾನು ಚೆನ್ನೈನ ಖಾಸಗಿ ಪ್ರಯೋಗಾಲಯವೊಂದರಲ್ಲಿ ನೀರಿನ ಮಾದರಿ ಸಂಗ್ರಹಿಸುವ ಕೆಲಸದಲ್ಲಿದ್ದೆ. ಕಾಸಿಮೇಡು ಮೀನು ಬಂದರಿನ ಹತ್ತಿರ, ಆ ಬಾವಿಯಿದ್ದ ಬೀದಿಯ ಅಡಿಯಲ್ಲಿ ಕಚ್ಚಾ ತೈಲದ ಪೈಪು ಹಾದುಹೋಗುತ್ತದೆ. ತುಕ್ಕು ಹಿಡಿದರೂ ಬದಲಾಯಿಸಿರಲಿಲ್ಲ. ಅದು ಸೋರಿ ಬಾವಿಯಲ್ಲಿ ಎಣ್ಣೆ ತೇಲತೊಡಗಿದ ಮೇಲೆ ಪೈಪಿನ ಕಂಪನಿ ದಿನವೂ ಕುಡಿಯುವ ನೀರಿನ ಟ್ಯಾಂಕರ್ ಕಳಿಸುತ್ತಿತ್ತು. ಬಾವಿ ಶುದ್ಧವಾಗಿದೆಯೆಂದು ನಮ್ಮ ವರದಿ ಬಂದರೆ ಟ್ಯಾಂಕರ್ ನಿಲ್ಲುತ್ತದೆ. ನಮ್ಮನ್ನು ಗೊತ್ತುಮಾಡಿದ್ದೂ ಆ ಕಂಪನಿಯೇ.

ನೀರಿನ ಮೇಲೆ ಎಣ್ಣೆಯ ಕುರುಹೇ ಇರಲಿಲ್ಲ. ಕಂಪನಿಯ ಮೇಲ್ವಿಚಾರಕ ಪಕ್ಕದಿಂದ ಕದಲಲಿಲ್ಲ.

"ಕ್ಲೀನ್ ಆಗಿದೆಯಲ್ಲ ಮೇಡಂ? ಬಾಟಲಿ ತುಂಬಿಸ್ಕೊಂಡು ಹೊರಡಿ, ಬಿಸಿಲೇರುತ್ತೆ."

ಅವನಿಗೆ ಫೋನ್ ಬಂತು, ಆಚೆ ಸರಿದ. ಎದುರು ಮನೆಯ, ಮೀನು ಮಾರುವ ಸೆಲ್ವಿಯಕ್ಕ ಬಾವಿಯ ಬಳಿ ನಿಂತಿದ್ದರು. ಅವರನ್ನು ತಮಿಳಿನಲ್ಲಿ ಮೆಲ್ಲಗೆ ಕೇಳಿದೆ: "ಅಕ್ಕಾ, ಬಾವಿಗೆ ಏನು ಮಾಡಿದ್ರಿ?"

"ನೀನು ಬರ್ತೀಯ ಅಂತ ನಿನ್ನೆ ಬೀದಿಯವರೆಲ್ಲ ಸೇರಿ ತೊಳೆದ್ವಿ ಕಣಮ್ಮಾ. ಮೋಟಾರು ಹಾಕಿ ನೀರು ಖಾಲಿ ಮಾಡಿ, ತಳ ಉಜ್ಜಿ... ಬರೋರಿಗೆ ಗಲೀಜು ತೋರಿಸೋದಾ?" ಅವರ ದನಿಯಲ್ಲಿ ಹೆಮ್ಮೆಯಿತ್ತು. "ಅಲ್ಲಿ ಫೋನಲ್ಲಿರೋ ಆ ಸಾರೇ ಒಂದು ಟ್ಯಾಂಕರ್ ಹೆಚ್ಚಿಗೆ ಕಳಿಸಿ ಬಾವಿ ತುಂಬಿಸಿಕೊಟ್ರು. ಒಳ್ಳೆ ಮನುಷ್ಯ."

"ಈ ಟ್ಯಾಂಕರ್ ನೀರೇ ಬಾವಿ ನೀರು ಅಂತ ಪಾಸಾದರೆ ಇನ್ನು ಟ್ಯಾಂಕರ್ ಬರಲ್ಲ ಅಕ್ಕಾ."

ಅವರು ಬಾವಿಯ ಕಟ್ಟೆ ಹಿಡಿದುಕೊಂಡರು. "ಮುರುಗಾ! ಮೀನು ಹುರಿಯೋಕೆ ಎಣ್ಣೆ ಕೊಳ್ಳಬೇಡ, ಬಾವಿಯಿಂದ ಸೇದ್ಕೋ ಅಂತ ನಗಾಡ್ತಿದ್ವಿ. ಈಗ ಅದನ್ನೂ ನಾವೇ ತೊಳೆದುಬಿಟ್ವಲ್ಲಾ!"

ಸುರಿದ ಟ್ಯಾಂಕರ್ ನೀರನ್ನು ಹೊರಹಾಕಿ, ರಾತ್ರಿಯಿಡೀ ತಳದ ಊಟೆಯಿಂದ ಜಿನುಗುವ ನೀರು ತುಂಬಲು ಬಿಡುವಂತೆ ಅವರಿಗೆ ಹೇಳಿದೆ.

ಮೇಲ್ವಿಚಾರಕನಿಗೆ, ಕ್ಲೋರಿನ್ ಇರುವ ಬಾವಿಯಿಂದ ಮಾದರಿ ತೆಗೆಯುವಂತಿಲ್ಲ ಎಂದಷ್ಟೇ ತಿಳಿಸಿದೆ.

"ಸರಿ ಮೇಡಂ. ಮತ್ತೆ ಬರೋ ದಿನ ಮೊದಲೇ ಒಂದು ಫೋನ್ ಮಾಡಿ," ಎಂದ.

ನಾನು ಖಾಲಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ನಾವು ಬರುವುದು ಯಾರಿಗೆ ಮೊದಲೇ ತಿಳಿದಿತ್ತು ಎಂಬುದನ್ನೂ ಪರೀಕ್ಷೆಯ ಭಾಗವೆಂದೇ ಅಂದಿನಿಂದ ಎಣಿಸುತ್ತೇನೆ.

ಮರುದಿನ ಬೆಳಿಗ್ಗೆ, ಬಂದರಿನಲ್ಲಿ ಮೀನಿನ ಹರಾಜು ನಡೆಯುತ್ತಿರುವಾಗಲೇ, ಕಚೇರಿಗೂ ತಿಳಿಸದೆ ಅಲ್ಲಿಗೆ ಹೋದೆ. ಸೆಲ್ವಿಯಕ್ಕ ಹರಾಜು ಬಿಟ್ಟು ಕಟ್ಟೆಯ ಬಳಿ ಕಾಯುತ್ತಿದ್ದರು.

"ಇವತ್ತು ಏನೂ ತೊಳೆದಿಲ್ಲ, ನೋಡು," ಎಂದರು.

ತಳದಲ್ಲಿ ಮೊಳದಷ್ಟು ನೀರು. ಅದರ ಮೇಲೆ ಎಣ್ಣೆಯ ಬಣ್ಣಬಣ್ಣದ ತೆಳು ಪೊರೆ. ಹಗ್ಗ ಕಟ್ಟಿ ಬಾಟಲಿ ಇಳಿಸಿದೆ.