ಪಟ್ಟಿಯಿಂದ ಹೊಡೆದುಹಾಕಿದ ದೀಪಗಳು

ಹೋದ ತಿಂಗಳು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ನನ್ನ ಫೋನು ಬಿಚ್ಚಿಸಿಕೊಂಡು ಕೂತಿದ್ದೆ. ಅಂಗಡಿಯವನು ಬೆಸುಗೆಯ ಕಾದ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಒಂದೆಳೆ ಹೊಗೆ ಎದ್ದಿತು... ಸ್ವಲ್ಪ ಸಿಹಿ, ಸ್ವಲ್ಪ ಘಾಟು.  ನನ್ನ ಮುಖ ಬಿಳಿಚಿತೋ ಏನೋ, "ಅಜ್ಜೀ, ನೀರ ಕುಡೀತೀರೇನ್ರಿ?" ಎಂದ. ಅಜ್ಜಿಯಂತೆ! ಬೇರೆ ದಿನವಾಗಿದ್ದರೆ ಅವನಿಗೆ ನಾಲ್ಕು ಮಾತು ಸರಿಯಾಗಿ ಬೀಳುತ್ತಿದ್ದವು. ಅವತ್ತು ನೀರು ಇಸಿದುಕೊಂಡು ಕುಡಿದೆ. ಆ ವಾಸನೆ ರೇಡಿಯೋ ಕಾಕಾನ ಅಂಗಡಿಯದು.

ಎಂಬತ್ತರ ದಶಕದ ಕೊನೆ ಅದು. ನಾನು ನಿಪ್ಪಾಣಿಯ ಒಂದು ತಂಬಾಕು ವಖಾರಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನಮ್ಮ ಪೈಕಿ ಇಂಗ್ಲಿಷ್ ಟೈಪಿಂಗ್ ಕಲಿತ ಮೊದಲ ಹುಡುಗಿ ನಾನೇ. ಜಂಬ ಇತ್ತು, ಬಾಯಿಯೂ ಇತ್ತು. ವಖಾರಿಯ ಸಾಹುಕಾರರು ನಮ್ಮವರೇ, ಜೈನರು. ಅವರಿಗೆ ವಿಮಾನದ ಹುಚ್ಚು. ಯಾವುದೋ ಫ್ಲೈಯಿಂಗ್ ಕ್ಲಬ್ಬು ಸಾಕೆಂದು ಮಾರಿದ ನಾಲ್ಕು ಸೀಟಿನ ಹಳೆಯ ವಿಮಾನ ಕೊಂಡು, ಬೋರಗಾಂವದ ತಮ್ಮ ಹೊಲದಲ್ಲಿ ಗರಸು ಮಣ್ಣು ಹಾಕಿಸಿ ಇಳಿಯುವ ಪಟ್ಟಿ ಮಾಡಿಸಿದ್ದರು. ಓಡಿಸುವುದೂ ತಾವೇ. ಊರವರು ಅದನ್ನು ಸಾವ್ಕಾರ್ರ ಮಿಡಚಿ, ಅಂದರೆ ಮಿಡತೆ, ಎನ್ನುತ್ತಿದ್ದರು.

ಮಿಡಚಿ ಹಾರುವುದೇನೋ ಹಾರುತ್ತಿತ್ತು. ಮುಂದಿನ ಹಲಗೆಯಲ್ಲಿ ಕೂಡಿಸಿದ ಯಂತ್ರಗಳು ಮಾತ್ರ ಒಂದೊಂದಾಗಿ ಮುನಿಸಿಕೊಂಡಿದ್ದವು. ರೇಡಿಯೋದಲ್ಲಿ ಪುಣೆಯ ವಿಮಾನ ನಿಲ್ದಾಣದವರು ಮಾತಾಡಿದರೆ ಗೊರಕೆ ಹೊಡೆದಂತೆ ಕೇಳುತ್ತಿತ್ತು. ವಿಮಾನ ಓರೆಯಾಗಿದೆಯೋ ನೆಟ್ಟಗಿದೆಯೋ ತೋರಿಸುವ ಗಡಿಯಾರ ತನಗೆ ತಿಳಿದಂತೆ ತಿರುಗುತ್ತಿತ್ತು. ಗಡಿಯಾರಗಳ ಮೇಲೆ ಬೆಳಕು ಚೆಲ್ಲುವ ಸಣ್ಣ ದೀಪಗಳ ತಂತಿ ಎಂದೋ ಸುಟ್ಟುಹೋಗಿತ್ತು. ಎಲ್ಲ ಹೊಸದು ಹಾಕಿಸಿದರೆ ಇನ್ನೊಂದು ವಿಮಾನದ ಬೆಲೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವರು ನಮ್ಮ ಸಾಹುಕಾರರು. ಅದಕ್ಕೇ ರೇಡಿಯೋ ಕಾಕಾನನ್ನು ಕರೆಸಿದರು.

ಕಾಕಾ ಅಥಣಿ ಕಡೆಯ ಕುರಿ ಕಾಯುವ ಮನೆತನದವರು. ವಾಯುಪಡೆಯಲ್ಲಿ ಹದಿನೈದು ವರ್ಷ ವಿಮಾನದ ರೇಡಿಯೋ ರಿಪೇರಿ ಮಾಡಿ ಬಂದು, ನಿಪ್ಪಾಣಿಯ ಪೇಟೆಯಲ್ಲಿ ಒಂದು ಕಿರುಗೂಡಿನಂಥ ಅಂಗಡಿ ಇಟ್ಟಿದ್ದರು. ವಿಮಾನದ ಕೆಲಸ ಅವರು ಮಾಡುವುದು, ಮುಂಬಯಿಯಿಂದ ಲೈಸೆನ್ಸ್ ಇರುವ ಎಂಜಿನಿಯರ್ ಬಂದು ನೋಡಿ ಸಹಿ ಹಾಕುವುದು ಎಂದು ಮಾತಾಯಿತು.

ಅವರು ಮೊದಲು ಮಾಡಿದ್ದು ನನ್ನ ಟೇಬಲ್ಲಿನ ಪಕ್ಕ ನೆಲದ ಮೇಲೆ ಕೂತು ತಂಬಾಕಿನ ರಟ್ಟಿನ ಪೆಟ್ಟಿಗೆ ಕತ್ತರಿಸಿದ್ದು. ಹಲಗೆಯ ಅಳತೆಗೆ ರಟ್ಟು, ಗಡಿಯಾರಗಳ ಜಾಗದಲ್ಲಿ ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳ, ಕುಂಕುಮದ ಭರಣಿಯ ಮುಚ್ಚಳ. ಸಾಹುಕಾರರನ್ನು ಕುರ್ಚಿಯ ಮೇಲೆ ಕೂರಿಸಿ, "ಕೈ ಹಚ್ಚಿ ನೋಡ್ರಿ, ಮುಟ್ಟತೈತೇನು?" ಎಂದು ಕೇಳುವರು. ಇಷ್ಟು ದೊಡ್ಡ ಮನುಷ್ಯ ಪಾಲಿಶ್ ಡಬ್ಬಿ ತಿರುವುತ್ತ ಕೂತಿದ್ದನ್ನು ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಹಳೆಯ ರೇಡಿಯೋ ಸೆಟ್ಟನ್ನು ತಂಬಾಕಿನ ತಕ್ಕಡಿಗೆ ಹಾಕಿ, "ಎಮ್ಮಿ ಐತಿದು, ಎಮ್ಮಿ! ಇದನ್ನ ಇಳಿಸಿದ್ರ ಇನ್ನಷ್ಟ ಪೆಟ್ರೋಲ್ ಹೊರಬಹುದು" ಎಂದರು.

ಅವರ ಪದ್ಧತಿಯೇ ಬೇರೆ. ಹೊಸ ರೇಡಿಯೋ ಬೇಡ, ಬೇರೊಂದು ಕ್ಲಬ್ಬಿನವರು ಬಿಚ್ಚಿಟ್ಟ ಒಳ್ಳೆಯ ಸೆಟ್ಟು ಸಾಕು. ದಿಕ್ಕು ತೋರಿಸುವ ದೊಡ್ಡ ಯಂತ್ರದ ಮೇಲೆ ಸಾಹುಕಾರರಿಗೆ ಆಸೆ ಇತ್ತು. "ಕೃಷ್ಣಾ ನದಿ ಕಾಣತೈತಿ, ರೈಲ್ ಪಟ್ಟಿ ಕಾಣತೈತಿ, ಮತ್ತ್ಯಾಕ್ರಿ ಅದು?" ಎಂದು ಅದನ್ನು ಬಿಡಿಸಿದರು. ಆದರೆ ತಂತಿಯಲ್ಲಿ ಜಿಪುಣತನ ಮಾಡಲು ಬಿಡಲಿಲ್ಲ. "ಎದಿ ಒಮ್ಮೆ ಸೀಳಿದ ಮ್ಯಾಲ ಒಳಗಿನ ಕೆಲಸಾ ಎಲ್ಲಾ ಮುಗಿಸೇ ಹೊಲೀಬೇಕ್ರಿ. ಎರಡನೇ ಸಲ ಬಿಚ್ಚೂದ ಭಾಳ ತುಟ್ಟಿ" ಎನ್ನುತ್ತಿದ್ದರು. ಅವರು ಹೇಳಿದಂತೆ ನಾನು ಪಟ್ಟಿ ಟೈಪ್ ಮಾಡಿದೆ. ರೇಡಿಯೋ, ಆಂಟೆನಾ, ತಂತಿ, ಓರೆ ತೋರಿಸುವ ಗಡಿಯಾರದ ರಿಪೇರಿ, ಕೊನೆಗೆ ಗಡಿಯಾರಗಳ ದೀಪ.

ಒಟ್ಟು ಖರ್ಚು ಸಾಹುಕಾರರು ಹಾಕಿದ ಗಡಿ ದಾಟಿತು. "ಒಂದರೆ ಕಡಿಮಿ ಮಾಡ್ರಿ" ಎಂದು ಎದ್ದು ಹೋದರು. ಕಾಕಾ ಕೆಂಪು ಪೆನ್ಸಿಲ್ ಹಿಡಿದು ಎರಡು ದಿನ ಕೂತರು. ಒಂದನ್ನೂ ಹೊಡೆದುಹಾಕಲು ಕೈ ಬಾರದು. ಓರೆ ಗಡಿಯಾರ ಬಿಡುವುದೋ, ದೀಪ ಬಿಡುವುದೋ ಎಂದು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ನನಗೆ ಬೇಸರ ಬಂದು ಬಾಯಿ ಹಾಕಿದೆ.

"ಕಾಕಾ, ದೀಪ ಯಾಕ್ರಿ? ನಮ್ಮ ಸಾವ್ಕಾರ್ರು ಹೊತ್ತ ಮುಳುಗೂದ್ರಾಗ ಉಣ್ಣಾವ್ರು. ಎಲ್ಲಿ ಹೋಗಿದ್ರೂ ಐದೂವರಿಗೆ ತಾಟಿನ ಮುಂದ ಹಾಜರ. ರಾತ್ರಿ ಹಾರಿದ್ದ ಎಂದಾದ್ರೂ ನೋಡೀರೇನು?"

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. "ಹೌದಲ್ಲಾ ಯವ್ವಾ! ಈ ಅಡಗಿಮನಿ ಲೆಕ್ಕ ನನಗ ಹೊಳೀಲೇ ಇಲ್ಲ ನೋಡು" ಎಂದು ನಕ್ಕು ದೀಪದ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಆದರೂ ಮನಸ್ಸು ಒಪ್ಪಲಿಲ್ಲವೇನೋ, ಕೈಯಲ್ಲಿ ಹಿಡಿಯುವ ಒಂದು ಬ್ಯಾಟರಿ ದೀಪ ವಿಮಾನದೊಳಗಿಡಿಸಿದರು. ಮುಂಬಯಿಯ ಎಂಜಿನಿಯರ್ ಹಗಲು ಹಾರಾಟಕ್ಕೆ ಮಾತ್ರ ಎಂದು ಬರೆದು ಸಹಿ ಹಾಕಿದ. ನಾನು ಆ ವಾರವೆಲ್ಲ ಮನೆಯಲ್ಲಿ, ವಿಮಾನದ ಮಿಸ್ತ್ರಿಗೇ ಬುದ್ಧಿ ಹೇಳಿದೆ ಎಂದು ಬೀಗಿದ್ದೇ ಬೀಗಿದ್ದು.

ಎಂಟು ತಿಂಗಳು ಎಲ್ಲ ಚೆನ್ನಾಗಿತ್ತು. ಬಿಸಿಲಿರುವಾಗಲೇ ಮಿಡಚಿ ಮನೆಗೆ ಬರುತ್ತಿತ್ತು.

ಆಮೇಲೆ ಭಾದ್ರಪದ ಬಂತು, ನಮ್ಮವರ ಹತ್ತು ದಿನದ ದಶಲಕ್ಷಣ ಪರ್ವ. ಕೊನೆಯ ದಿನ ಅನಂತ ಚತುರ್ದಶಿ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿಸಿ ಸಾಹುಕಾರರು ಪುಣೆಗೆ ಹೋದರು. ಅಲ್ಲಿಗೆ ಕೊಟ್ಟ ಅವರ ಅಕ್ಕನನ್ನು ಮರುದಿನದ ಪಾರಣೆಗೆ ಕರೆತರಬೇಕಿತ್ತು. ಸಂಜೆ ಅಕ್ಕನವರನ್ನು ಎದುರುಗೊಳ್ಳಲು ಸಾಹುಕಾರರ ಹೆಂಡತಿ ನನ್ನನ್ನು ಜೀಪಿನಲ್ಲಿ ಬೋರಗಾಂವಕ್ಕೆ ಕಳಿಸಿದರು. ಕಾಕಾ ಆಗಲೇ ವಿಮಾನ ಇಳಿಯುವ ಪಟ್ಟಿಯ ಪಕ್ಕದ ಕೋಣೆಯಲ್ಲಿ ನೆಲದ ರೇಡಿಯೋ ಸೆಟ್ಟಿನ ಮುಂದೆ ಕೂತಿದ್ದರು.

ಐದೂವರೆ ಆಯಿತು. ಆರು ಆಯಿತು. ಪಶ್ಚಿಮಕ್ಕೆ ಮೋಡ ಕಟ್ಟಿ ಬೆಳಕು ಬೇಗನೇ ಹೋಗುತ್ತಿತ್ತು.

"ಇಷ್ಟೊತ್ತಿಗೆ ಊಟಾ ಮುಗಿಸಿರೂ ಮನುಷ್ಯಾ. ಏನಾತ?" ಎಂದರು ಕಾಕಾ.

"ಇವತ್ತ ಎಲ್ಲೀ ಊಟಾ ಕಾಕಾ, ಇವತ್ತ ಉಪವಾಸ ಅಲ್ಲೇನ..." ಎಂದೆ.

ಹೇಳುತ್ತ ಹೇಳುತ್ತಲೇ ಅರ್ಥವಾಯಿತು. ಉಪವಾಸ! ಮನೆಗೆ ಬೇಗ ಬಾ ಎಂದು ಕರೆಯುವ ತಾಟೇ ಇಲ್ಲದ ದಿನ. ವರ್ಷವರ್ಷವೂ ಈ ಉಪವಾಸ ನಾನೂ ಮಾಡಿದವಳು, ಅವತ್ತೂ ಮಾಡಿದ್ದೆ. ಕುರಿ ಕಾಯುವವರ ಮನೆಯ ಕಾಕಾನಿಗೆ ಇದು ತಿಳಿಯದಿದ್ದರೆ ತಪ್ಪಲ್ಲ. ನನಗೆ ಹೇಗೆ ಹೊಳೆಯಲಿಲ್ಲ? ಕಾಕಾ ಸೆಟ್ಟಿನ ಗುಂಡಿ ತಿರುವತೊಡಗಿದರು. ಅವರ ಮುಖ ಮಾತ್ರ... ಅದನ್ನು ಹೇಗೆ ಬರೆಯಲಿ.

ಆಮೇಲೆ ತಿಳಿಯಿತು, ಪುಣೆಯಲ್ಲಿ ಅವತ್ತೇ ಗಣಪತಿ ವಿಸರ್ಜನೆ. ರಸ್ತೆಯ ತುಂಬ ಮೆರವಣಿಗೆ. ಅಕ್ಕನೂ ತಮ್ಮನೂ ವಿಮಾನದ ಹತ್ತಿರ ಬರುವಷ್ಟರಲ್ಲೇ ತಡವಾಗಿತ್ತು. ಬೇರೆ ದಿನವಾಗಿದ್ದರೆ ಊಟ ತಪ್ಪುತ್ತದೆಂದು ಅಕ್ಕನ ಮನೆಯಲ್ಲೇ ಉಳಿಯುತ್ತಿದ್ದರು. ಅವತ್ತು ಹೊರಟೇಬಿಟ್ಟರು.

ಕತ್ತಲಾದ ಮೇಲೆ ಸೆಟ್ಟಿನಲ್ಲಿ ಸಾಹುಕಾರರ ದನಿ ಬಂತು. ರೇಡಿಯೋ ಎಷ್ಟು ಸ್ವಚ್ಛ ಕೇಳುತ್ತಿತ್ತೆಂದರೆ ಅವರು ಉಗುಳು ನುಂಗಿದ್ದೂ ಕೇಳಿಸಿತು.

"ಮಿಸ್ತ್ರಿ, ಸಮೀಪ ಬಂದೇನಿ. ಗಡಿಯಾರ ಒಂದೂ ಕಾಣವಲ್ದು."

"ಅಕ್ಕಾರ ಕೈಯಾಗ ಬ್ಯಾಟರಿ ಕೊಡ್ರಿ, ಹಿಡೀಲಿ."

"ಹತ್ತವಲ್ದು ಮಿಸ್ತ್ರಿ."

ಮಳೆಗಾಲದಲ್ಲಿ ಸೆಲ್ಲು ಉಪ್ಪುಗಟ್ಟಿ ಸತ್ತಿದ್ದವು. ಯಾರೂ ತೆಗೆದು ನೋಡಿರಲಿಲ್ಲ. ಕಾಕಾ ಡ್ರೈವರನಿಗೆ ಜೀಪನ್ನು ಪಟ್ಟಿಯ ತುದಿಗೆ ಒಯ್ದು ದೀಪ ಹಾಕಲು ಹೇಳಿದರು. ಆಮೇಲೆ ಮಕ್ಕಳನ್ನು ಮಲಗಿಸುವಂಥ ದನಿಯಲ್ಲಿ, "ಇಂಜಿನ್ ಸದ್ದ ಹಿಂಗ ಇರಲಿ. ಜೀಪಿನ ದೀಪ ಕಾಣತೈತಲ್ಲ, ಅದರ ಎಡಕ್ಕ ಬರ್ರಿ. ಅವಸರ ಬ್ಯಾಡ" ಎನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಿದ್ದೆ. ಏನು ಬೇಡಿಕೊಂಡೆನೋ ನೆನಪಿಲ್ಲ.

ಪಟ್ಟಿ ಇನ್ನೂ ಹತ್ತು ಮಾರು ಇರುವಾಗಲೇ ಚಕ್ರ ಹೊಲದ ಬದುವಿಗೆ ಬಡಿಯಿತು. ವಿಮಾನ ಮಗುಚಿ ಬಿತ್ತು. ಸಾಹುಕಾರರ ಕಾಲು ಮುರಿದಿತ್ತು, ಬದುಕಿದರು. ಅಕ್ಕನವರು ಅಲ್ಲೇ ತೀರಿಹೋಗಿದ್ದರು. ಅವರ ಮಡಿಲಲ್ಲಿ ಆ ಹತ್ತದ ಬ್ಯಾಟರಿ ಹಾಗೇ ಇತ್ತು. ಅಯ್ಯೋ ದೇವರೇ, ಎಷ್ಟು ವರ್ಷವಾದರೂ ಅದು ಕಣ್ಣಿಗೆ ಕಟ್ಟಿದಂತೆ ಇದೆ.

ಹದಿನೈದು ದಿನಕ್ಕೆ ವಿಚಾರಣೆಯವರು ವಖಾರಿಗೆ ಬಂದರು. ನಾನು ಟೈಪ್ ಮಾಡಿದ ಪಟ್ಟಿ ಮೇಜಿನ ಮೇಲಿತ್ತು, ಕೆಂಪು ಗೆರೆಯ ಸಮೇತ. ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಿದ್ದ ಸಾಹುಕಾರರು ಕೇಳಿದರು.

"ದೀಪ ಬ್ಯಾಡ ಅಂತ ನಿನಗ ಯಾರ ಹೇಳಿದ್ರು ಮಿಸ್ತ್ರಿ?"

"ಯಾರೂ ಹೇಳಲಿಲ್ರಿ. ನಂದ ಬುದ್ಧಿ" ಎಂದರು ಕಾಕಾ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೇ ಇದ್ದ ಮಾತಿನಿಂದಲೂ ಒಬ್ಬರ ಬಾಳು ಹೋಗುತ್ತದೆ ಎಂದು ಅವತ್ತು ಕಂಡೆ.

ನಿಪ್ಪಾಣಿಯಲ್ಲಿ ಆಮೇಲೆ ಅವರ ಕೈಗೆ ಯಾರೂ ಒಂದು ಟ್ರಾನ್ಸಿಸ್ಟರ್ ಕೂಡ ಕೊಡಲಿಲ್ಲ. ಅಂಗಡಿ ಖಾಲಿ ಮಾಡುವ ದಿನ ನಾನು ಹೋದೆ. ಅಳುತ್ತ ನಿಂತವಳಿಗೆ, "ಗೆರಿ ಎಳದ ಕೈ ನಂದ ಯವ್ವಾ. ನಿನ್ನ ಲಗ್ನಾ ಗಟ್ಟಿ ಆಗೇತಿ. ಬಾಯಿ ಮುಚ್ಚಕೊಂಡ ಮನೀಗ ಹೋಗು" ಎಂದರು. ಹೋದೆ. ಹೇಡಿ ನಾನು, ಅಷ್ಟು ಬೇಗ ಹೋದೆ! ರಾಯಬಾಗಕ್ಕೆ ಸೊಸೆಯಾಗಿ ಬಂದೆ, ಮಕ್ಕಳಾದವು, ಮೊಮ್ಮಕ್ಕಳಾದವು. ಅವರು ಅಥಣಿಗೆ ಮರಳಿ ಅಣ್ಣತಮ್ಮಂದಿರ ಕುರಿ ಕಾಯುತ್ತಿದ್ದಾರೆ ಎಂದು ಒಮ್ಮೆ ಕಿವಿಗೆ ಬಿತ್ತು. ಅಷ್ಟೇ...

ಮೊಬೈಲ್ ಅಂಗಡಿಯಿಂದ ಎದ್ದ ಮರುದಿನವೇ ಅಥಣಿಯ ಬಸ್ಸು ಹಿಡಿದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಕಾಕಾ ತೊಂಬತ್ತರ ದಶಕ ಮುಗಿಯುವ ಮೊದಲೇ ತೀರಿಕೊಂಡಿದ್ದರು. ಮಗಳು ಜೋಳ ಹಸನು ಮಾಡುತ್ತ ಹೊರಗೆ ಕೂತಿದ್ದಳು. ನಾನು ಯಾರೆಂದು ಹೇಳಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನಿಮ್ಮ ಅಪ್ಪ ನಿಮಗೆ ಹೇಳಿರಬೇಕು, ಕ್ಷಮಿಸಿ ಎಂದೆ.

ಅವಳ ಕೈ ಮೊರದಲ್ಲೇ ನಿಂತಿತು.

"ಅಪ್ಪಾ ಏನೂ ಹೇಳಿಲ್ರಿ. ಇದನ್ನ ನಾ ಇವತ್ತ ಕೇಳಾಕತ್ತೇನಿ" ಎಂದಳು. ಮೊರ ಪಕ್ಕಕ್ಕೆ ಸರಿಸಿದಳು. "ಆ ಹೆಣ್ಣಮಗಳನ್ನ ಕೊಂದಾಂವ ನೀನ ಅಂತ ನಾವೆಲ್ಲಾ ಅಂವಗ ಅಂತಿದ್ವಿ. ಸಾಯೂತನಾ ಅಂದ್ವಿ. ನಮ್ಮವ್ವ ಅಂತೂ ಅಂವನ ಜೋಡಿ ಮಾತ ಬಿಟ್ಟಿದ್ಲು. ಅಂವಾ ಸುಮ್ಮನ ಕೇಳ್ಕೋತ ಕುಂದರತಿದ್ದ."

 ಊರು ಅಂದದ್ದು ನನಗೆ ಗೊತ್ತಿತ್ತು. ಮನೆಯವರೂ ಅಂದರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಹೆಸರನ್ನು ಕಾಕಾ ಹೆಂಡತಿಗೂ ಹೇಳಿರಲಿಲ್ಲ. ಅಷ್ಟು ವರ್ಷ, ಒಂದೇ ಮನೆಯಲ್ಲಿ, ಮಾತಿಲ್ಲದೆ... ನನ್ನ ಸಲುವಾಗಿ.

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅವ್ವ ಒಳಗ ಅದಾಳ್ರಿ. ಅಕಿಗೂ ಹೇಳ್ರಿ" ಎಂದಳು. "ಕಿವಿ ಮಂದ ಆಗ್ಯಾವ. ಜೋರಾಗಿ ಹೇಳಬೇಕಾಗತೈತಿ."

ಒಳಗೆ ಹೋದೆ. ಮುದುಕಿ ಗೋಡೆಗೆ ಒರಗಿ ಕೂತಿದ್ದರು. ಅವರ ಮುಂದೆ ಕೂತು, ದೀಪ ಬೇಡ ಎಂದವಳು ನಾನು ಎಂದೆ. ಕೇಳಲಿಲ್ಲ, ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದರು. ಇನ್ನೂ ಜೋರಾಗಿ ಹೇಳಿದೆ. ಓಣಿಯವರು ಬಂದು ಬಾಗಿಲಲ್ಲಿ ನಿಂತರು. ಮೂರನೇ ಸಲ ಕೂಗಿ ಹೇಳಿದೆ.