ಅಟ್ಟೆ ಸವೆಯದ ಬೂಟು

ಟ್ರಂಕಿನ ಮುಚ್ಚಳ ತೆಗೆದರೆ ಈಗಲೂ ಮೊದಲು ಮೂಗಿಗೆ ಬಡಿಯುವುದು ಚರ್ಮದ ವಾಸನೆ. ಮೊನ್ನೆ ರೇಷನ್ ಕಾರ್ಡು ಹುಡುಕಲು ತೆಗೆದೆ. ಕಾರ್ಡು ಸಿಗಲಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬೂಟು ಸಿಕ್ಕವು. ಎರಡೂ ಪಕ್ಕ ಕಬ್ಬಿಣದ ಸರಳು, ಮೊಣಕಾಲಿಗೆ ಚರ್ಮದ ಪಟ್ಟಿ, ಏಳು ವರ್ಷದ ಮಗುವಿನ ಅಳತೆ. ಅವನ್ನು ಮಾಡಿದ ಮಿಸ್ತ್ರಿ ನೆನಪಾದ.

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಾನೂ ನನ್ನ ಗಂಡನೂ ಸೇಡಂ ಕಡೆಯಿಂದ ಬಂದು ಅವಕ್ಕೆ ಇಟ್ಟಿಗೆ ಹೊತ್ತೆವು. ನನ್ನ ಮಗಳಿಗೆ ಎರಡು ವರ್ಷಕ್ಕೇ ಜ್ವರ ಬಂದು ಕಾಲುಗಳಲ್ಲಿ ಬಲ ಉಳಿದಿರಲಿಲ್ಲ. ಊರಿನ ಮಾಸ್ತರು ಅವಳನ್ನು ಶಾಲೆಯ ಹೊಸ್ತಿಲು ದಾಟಿಸಿರಲಿಲ್ಲ. ಸನತ್‌ನಗರದಲ್ಲಿ ಕಾರ್ಖಾನೆಗಳ ನಡುವೆ, ತಗಡಿನ ಶೆಡ್ಡಿನಲ್ಲಿ, ಇಂಥ ಮಕ್ಕಳ ಶಾಲೆ ಒಂದಿತ್ತು. ಅಲ್ಲಿ ಹೆಸರು ಕೇಳಿ ಒಳಗೆ ಕರೆದುಕೊಂಡರು.

ಶಾಲೆಯ ಹಿಂದೆ ಮಿಸ್ತ್ರಿಯ ಕೋಣೆ. ಮೊದಲು ಯಾವುದೋ ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸ ಮಾಡುತ್ತಿದ್ದನಂತೆ. ಬೀದರ ಕಡೆಯವನು, ಹಾಗಾಗಿ ನನ್ನ ಜೊತೆ ಕನ್ನಡ. ಪೇಪರಿನ ಮೇಲೆ ಮಗುವಿನ ಪಾದ ಇಡಿಸಿ, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಹೆಸರು ಬರೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದ. ಕಚಗುಳಿಯಾಗಿ ನನ್ನ ಮಗಳು ಕಿಸಿಕಿಸಿ ನಕ್ಕಳು.

"ನಗು ಬೇಟಿ, ನಗು. ಗೀಟು ಸೊಟ್ಟ ಬಿತ್ತಂದ್ರ ನಿನ್ನ ಬೂಟಿಗೆ ಆರು ಬೆರಳ ಆಕ್ಕಾವ!"

ಬೂಟು ಕಟ್ಟಿದ ದಿನ ಅವಳು ಕಂಬಿ ಹಿಡಿದು ನಿಂತಳು. ನನ್ನ ಮಗಳು ಇಷ್ಟು ಎತ್ತರ ಇದ್ದಾಳೆಂದು ಅಂದೇ ಗೊತ್ತಾಗಿದ್ದು. ಐದಾರು ಹೆಜ್ಜೆ ಇಟ್ಟಳು.

"ಮುಂಜಾನಿಂದ ಮಕ್ಕೊಳ್ಳೋತನಕ ಕಾಲಾಗ ಇರಬೇಕು ತಂಗಿ. ಬಿಚ್ಚಿ ಇಟ್ರ ಕಾಲು ಬಗ್ಗತೈತಿ," ಎಂದ ಮಿಸ್ತ್ರಿ.

ಹೂಂ ಅಂದೆ. ಮಾಡಲಿಲ್ಲ.

ನಾವು ಒಳ್ಳೆಯದನ್ನು ತೆಗೆದಿಡುವ ಜನ. ಮದುವೆ ಸೀರೆ, ಹಿತ್ತಾಳೆ ಚೆಂಬು, ಎಲ್ಲಾ ಟ್ರಂಕಿನಲ್ಲೇ. ಸೈಟಿನಲ್ಲಿ ನೋಡಿದರೆ ಸಿಮೆಂಟು, ಕೆಸರು. ನಾಲ್ಕು ದಿನಕ್ಕೇ ಚರ್ಮ ತಿಂದು ಹಾಕುತ್ತದೆ ಅನ್ನಿಸಿತು. ಪುಕ್ಕಟೆ ಸಿಕ್ಕ ಬೂಟು, ಇನ್ನೊಮ್ಮೆ ಯಾರು ಕೊಡುತ್ತಾರೆ? ಶಾಲೆಗೆ ಹೋಗುವಾಗ ಮಾತ್ರ ಹಾಕಿದೆ. ಆಮೇಲೆ ಗುತ್ತೇದಾರ ನಮ್ಮನ್ನು ಮಿಯಾಪುರದ ಆಚೆಯ ಸೈಟಿಗೆ ಕಳಿಸಿದ. ಶಾಲೆ ಬಿಟ್ಟುಹೋಯಿತು. ಬೂಟು ಹಬ್ಬಕ್ಕಷ್ಟೇ ಹೊರಗೆ ಬಂತು. ಆಯುಧ ಪೂಜೆಯ ದಿನ ಗಂಡನ ಗಾರೆ ಕರಣೆ, ನನ್ನ ಬುಟ್ಟಿ, ಪಕ್ಕದಲ್ಲಿ ಮಗಳ ಬೂಟು ಸಾಲಾಗಿ ಇಟ್ಟು ಕುಂಕುಮ ಹಚ್ಚಿದೆ.

ವರ್ಷ ಕಳೆದ ಮೇಲೆ ಒಂದು ದಿನ ಹಾಕಲು ಹೋದರೆ ಬಗ್ಗಿದ ಮೊಣಕಾಲು ನೆಟ್ಟಗಾಗದೆ ಕಾಲು ಒಳಗೆ ಹೋಗಲಿಲ್ಲ. ಅವಳನ್ನು ಸೊಂಟದ ಮೇಲೆ ಹೊತ್ತು, ಬೂಟು ಚೀಲದಲ್ಲಿ ಹಾಕಿ ಮಿಸ್ತ್ರಿಯ ಹತ್ತಿರ ಹೋದೆ.

ಯಾವ ಮಗು ಬಂದರೂ ಅವನು ಮೊದಲು ಮುಖ ನೋಡುತ್ತಿರಲಿಲ್ಲ. ಬೂಟು ಬೋರಲು ಮಾಡಿ ಅಟ್ಟೆ ನೋಡುತ್ತಿದ್ದ. ಯಾವ ಕಡೆ ಸವೆದಿದೆ ಎಂದು ನೋಡಿಯೇ ಮಗು ಹೇಗೆ ನಡೆಯುತ್ತದೆ ಎಂದು ಹೇಳುತ್ತಿದ್ದ. ನಮ್ಮದನ್ನೂ ಹಾಗೇ ನೋಡಿದ. ಒಂದು ಗೀರಿಲ್ಲ. ಸರಳಿನ ಮೇಲಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಮುಟ್ಟಿದ.

"ಪೂಜಾ ಮಾಡೀ ಏನ್ ಬೇ?"

"ಹೂಂರಿ. ಭಾಳ ಜ್ವಾಕೀಲೆ ಇಟ್ಟೀನ್ರಿ."

ಹೆಮ್ಮೆಯಿಂದಲೇ ಹೇಳಿದೆ, ಸುಳ್ಳು ಯಾಕೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಗಳ ಮೊಣಕಾಲು ಹಿಡಿದು ಮೆಲ್ಲಗೆ ಒತ್ತಿದ. ಅವಳು ಚೀರಿದಳು. ಕೈ ಬಿಟ್ಟ.

"ಬೂಟು ಹೊಸಾದೇ ಐತಿ ತಂಗಿ. ಕಾಲು ಕೆಟ್ಟೈತಿ."

ಮರುದಿನ ಮಿಸ್ತ್ರಿ ತನ್ನ ಕೆಲಸ ಬಿಟ್ಟು ನನ್ನ, ಗಂಡನ ಜೊತೆ ದೊಡ್ಡ ಆಸ್ಪತ್ರೆಗೆ ಬಂದ. ಸಾಲಿನಲ್ಲಿ ಮಧ್ಯಾಹ್ನದವರೆಗೆ ಮಗಳನ್ನು ಹೆಗಲ ಮೇಲೆ ಹೊತ್ತು ನಿಂತ. ಡಾಕ್ಟರು, ಆಪರೇಷನ್ ಮಾಡಿದರೆ ಕಾಲು ನೆಟ್ಟಗಾಗುತ್ತದೆ, ಆದರೆ ತಿಂಗಳುಗಟ್ಟಲೆ ಪಟ್ಟಿ ಹಾಕಿ ಮಲಗಿಸಬೇಕು, ಯಾರು ಕೂತು ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಸೈಟಿನ ಜೋಪಡಿ ದುಡಿಯುವ ಜೋಡಿಗೆ ಮಾತ್ರ. ಒಬ್ಬರು ಕೂತರೆ ಮೂವರೂ ಬೀದಿಯಲ್ಲಿ. ವಿಚಾರ ಮಾಡಿ ಬರುತ್ತೇವೆ ಅಂದೆವು.

ಹೊರಗೆ ಬಂದು ಮೆಟ್ಟಿಲ ಮೇಲೆ ಪೇಪರ್ ಹಾಸಿ ಮಿಸ್ತ್ರಿ ಮಗಳ ಪಾದದ ಸುತ್ತ ಮತ್ತೆ ಗೆರೆ ಎಳೆದ. ಈ ಸಲ ಅವಳು ನಗಲಿಲ್ಲ.

"ಆಪರೇಷನ್ ಆದಮ್ಯಾಗ ಕರಕೊಂಡು ಬಾ. ಅಳತಿ ಇಟ್ಟಿರತೀನಿ," ಎಂದ.

ಆ ಕಾಗದ ಎಷ್ಟು ದಿನ ಮೊಳೆಗೆ ನೇತಾಡಿತೋ...

ನಾವು ಹೋಗಲೇ ಇಲ್ಲ. ಒಂದು ಸೈಟು ಮುಗಿದರೆ ಇನ್ನೊಂದು. ನಾಲ್ಕು ವರ್ಷದ ಮೇಲೆ ನಾನೊಬ್ಬಳೇ ಸನತ್‌ನಗರಕ್ಕೆ ಹೋದೆ. ಶೆಡ್ಡು ಇರಲಿಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡಿದ್ದರು. ಜಾಗ ಮಾರಿದ ಮೇಲೆ ಶಾಲೆ ಎಲ್ಲಿಗೆ ಹೋಯಿತೋ ವಾಚ್‌ಮನ್‌ಗೆ ಗೊತ್ತಿಲ್ಲ. ಬೂಟಿನ ಮಿಸ್ತ್ರಿ ಅಂದೆ. ಹೆಸರೇನು ಅಂದ. ನಾನು ಎಂದೂ ಕೇಳಿರಲಿಲ್ಲ. ಹೆಸರಿಲ್ಲದವನನ್ನು ಇಷ್ಟು ದೊಡ್ಡ ಊರಿನಲ್ಲಿ ಎಲ್ಲಿ ಹುಡುಕುವುದು? ಬಸ್ ಹತ್ತಿದೆ. ಆಗಲೇ ಅವನಿಗೆ ಅರವತ್ತು ದಾಟಿತ್ತು. ಈಗ ಇರಲಾರ...

ಮಗಳಿಗೆ ಮೂವತ್ತು ದಾಟಿದೆ. ಮೊನ್ನೆ ನನ್ನ ಕೈಯಲ್ಲಿ ಬೂಟು ನೋಡಿ, "ಯವ್ವಾ, ಇನ್ನಾ ಇಟ್ಟೀ ಏನು? ಒಗಿ ಅತ್ತಾಗ," ಎಂದಳು.

ಎಸೆಯಲಿಲ್ಲ. ಸೀರೆಯ ತುಂಡಿನಲ್ಲಿ ಸುತ್ತಿ ತಳದಲ್ಲಿಟ್ಟೆ. ಅವಳು ಎರಡೂ ಕೈಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಬಾಗಿಲ ಕಡೆ ತೆವಳಿದಳು. ಆ ಚಪ್ಪಲಿ ಎರಡು ಮೂರು ತಿಂಗಳಿಗೊಮ್ಮೆ ಹೊಸದು ತರಬೇಕಾಗುತ್ತದೆ. ಅಟ್ಟೆ ಸವೆದು ತೂತು ಬೀಳುತ್ತದೆ.