ಕಡಲದೇವಿಯ ಎದುರು ಕೇಳಿದ ತುಳು

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದುಹೋಗುತ್ತಿದ್ದೆ. ಉಡುಪಿಯ ಕಡೆಯವನಾಗಿದ್ದರೂ ದರ್ಶನ, ಮೈದುಂಬುವುದಕ್ಕೆಲ್ಲ ದೂರದಿಂದಲೇ ಕೈಮುಗಿದವನು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಆಫೀಸಿನ ಟ್ರೇನಿಂಗಿಗೆಂದು ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗಿದ್ದೆ. ಜೊತೆಗೆ ಸಹೋದ್ಯೋಗಿ ವೆನ್‌ಲಿ ಇದ್ದಳು. ಅವಳ ಪೂರ್ವಿಕರು ಚೀನಾದಿಂದ ಜಪಾನಿನ ನಾಗಸಾಕಿಗೆ ಹಾಯಿಹಡಗಿನಲ್ಲಿ ರೇಷ್ಮೆ, ಸಕ್ಕರೆ ಒಯ್ದು ತಾಮ್ರ ತರುತ್ತಿದ್ದ ವರ್ತಕರಂತೆ. ಆ ವ್ಯಾಪಾರದ ಬಗ್ಗೆ ಸಿಡ್ನಿಯ ಮ್ಯೂಸಿಯಮ್ಮೊಂದರಲ್ಲಿ ಪ್ರದರ್ಶನ ನಡೆಯುತ್ತಿತ್ತು. ಮಧ್ಯಾಹ್ನ ಟ್ರೇನಿಂಗ್ ಮುಗಿದದ್ದೇ ನನ್ನನ್ನೂ ಎಳೆದುಕೊಂಡು ಹೋದಳು.

ಗಾಜಿನ ಪೆಟ್ಟಿಗೆಯೊಂದರಲ್ಲಿ ಮೊಳದುದ್ದದ ಮರದ ದೇವಿ. ಹಡಗಿನಲ್ಲಿ ತಮ್ಮನ್ನು ಕಾಯಲು ಇಂಥ ಕಡಲದೇವಿಯನ್ನು ಇಟ್ಟುಕೊಂಡಿರುತ್ತಿದ್ದರಂತೆ. ನಾಗಸಾಕಿ ಮುಟ್ಟಿದ ಮೇಲೆ ಮೆರವಣಿಗೆಯಲ್ಲಿ ದಡಕ್ಕಿಳಿಸಿ ಗುಡಿಯಲ್ಲಿ ಇಡುತ್ತಿದ್ದರಂತೆ. ಮರಳಿ ಹಾಯಿ ಬಿಚ್ಚುವವರೆಗೆ ಹಡಗಿನ ಗಂಡಸರು ಗೋಡೆಯೊಳಗಿನ ಕೇರಿಯಲ್ಲೇ ಇರಬೇಕಿತ್ತು, ಹೆಂಡತಿ ಮಕ್ಕಳಿಲ್ಲದೆ. ಅದನ್ನು ಓದಿ ನಾನು ಮುಂದಿನ ಕೋಣೆಗೆ ಹೋದೆ. ವೆನ್‌ಲಿ ದೇವಿಯ ಎದುರೇ ನಿಂತಳು.

ತುಸು ಹೊತ್ತಿನಲ್ಲಿ ಬಂದವಳ ಮುಖ ಬಿಳಿಚಿಕೊಂಡಿತ್ತು.

“ಹಿಂದಿನಿಂದ ಯಾರೋ ಹೆಂಗಸು ಮಾತಾಡಿದ್ಲು. ತಿರುಗಿದ್ರೆ ಯಾರೂ ಇಲ್ಲ. ನಿಮ್ಮ ಭಾಷೆ ಥರ ಇತ್ತು,” ಎಂದು ಇಂಗ್ಲಿಷಿನಲ್ಲಿ ಹೇಳಿ, ತಡವರಿಸುತ್ತ ಉಚ್ಚರಿಸಿದಳು: “ವನಸ್ ಆಂಡಾ, ಮಾರಾಯ್ರೇ?”

ಅದು ತುಳುವಿನಲ್ಲಿ ‘ಊಟ ಆಯ್ತಾ’ ಎಂದು. ನನ್ನ ಹೆಂಡತಿ ಸುಮತಿ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದ ನಮ್ಮ ಮನೆಯಿಂದ ದಿನಾ ಆಫೀಸಿಗೆ ಫೋನ್ ಮಾಡಿ ಹೀಗೇ ಕೇಳುತ್ತಿದ್ದಳು, ಕೊನೆಯ ಪದವನ್ನು ಹೀಗೇ ಎಳೆದು. ವೆನ್‌ಲಿ ನಮ್ಮ ಆಫೀಸು ಸೇರಿದ್ದು ಸುಮತಿ ತೀರಿಕೊಂಡ ಮೇಲೆ.

ಹಿಂದಿನ ಕೋಣೆಗೆ ಓಡಿದೆ. ಕಾವಲಿನವನೊಬ್ಬನೇ ಇದ್ದ; ಯಾವ ಹೆಂಗಸೂ ಬಂದಿಲ್ಲ ಎಂದ.

“ಇನ್ನೇನು ಹೇಳಿದ್ಲು?” ಎಂದು ವೆನ್‌ಲಿಯನ್ನು ಕೇಳಿದೆ.

“ತುಂಬಾ ಹೇಳಿದ್ಲು. ಸಾರಿ, ಮೊದಲಿನ ಆ ಮಾತಷ್ಟೇ ನೆನಪಲ್ಲಿ ಉಳೀತು.”

ಬಾಗಿಲು ಹಾಕುವವರೆಗೂ ಆ ದೇವಿಯ ಎದುರು ನಿಂತೆ. ‘ಆಂಡ್, ಊಟ ಆಯಿತು’ ಎಂದು ಮೆಲ್ಲಗೆ ಉತ್ತರಿಸಿಯೂ ನೋಡಿದೆ. ನನಗೇನೂ ಕೇಳಿಸಲಿಲ್ಲ. ತುಳು ಬಾರದವಳಿಗೆ ಕೇಳಿದ್ದು ನನಗೇಕೆ ಕೇಳಲಿಲ್ಲವೋ, ಅಷ್ಟುದ್ದದ ಮಾತಿನಲ್ಲಿ ಏನಿತ್ತೋ, ಇವತ್ತಿಗೂ ತಿಳಿಯದು.

ಮನೆಗೆ ಬಂದು ಮಗಳಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು, “ಅಪ್ಪಾ, ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ ಅಮ್ಮ?” ಎಂದಳು.

“ಕೇಳಿರ್ಬೇಕು, ಮಗಾ,” ಎಂದೆ. ಬೇರೇನು ಹೇಳಲಿ?